ಮನೆಯ ಹೆಸರುಗಳಿಂದ ಕಾವ್ಯನಾಮ

ಕಾವ್ಯನಾಮವನ್ನು ಹುಡುಕುವವರು ನಿಘಂಟನ್ನು ತೆರೆದು ಇಂಪಾದ ಪದವೊಂದನ್ನು ಅರಸುವುದುಂಟು. ಆದರೆ ಮೊದಲು ಕೇಳಬೇಕಾದದ್ದು ಮನೆಯ ಹಿರಿಯರನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ. ತಂದೆತಾಯಿಯರ ಮತ್ತು ಅಜ್ಜ ಅಜ್ಜಿಯರ ಹೆಸರುಗಳು, ಮನೆತನದ ಹೆಸರು, ಹಿರಿಯರ ಕಸುಬು, ಬಾಲ್ಯದಲ್ಲಿ ನಿಮ್ಮನ್ನು ಕರೆಯುತ್ತಿದ್ದ ಮುದ್ದಿನ ಹೆಸರು, ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಈ ಸಾಮಗ್ರಿಯನ್ನು ಬಳಸುವ ಎರಡು ದಾರಿಗಳನ್ನು ನಮ್ಮ ಇಬ್ಬರು ಕವಿಗಳೇ ತೋರಿಸಿಕೊಟ್ಟಿದ್ದಾರೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಊರಿನ, ತಂದೆಯ ಮತ್ತು ತಮ್ಮ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಕುವೆಂಪು’ ಆದರು. ಆ ಮೂರು ಅಕ್ಷರಗಳಲ್ಲಿ ‘ಕಂಪು’, ‘ಇಂಪು’ ಎಂಬ ಪದಗಳ ನಾದವೂ ಕೇಳಿಸುವುದರಿಂದ ಅದು ಬರಿಯ ಸಂಕ್ಷೇಪವಾಗಿ ಉಳಿಯಲಿಲ್ಲ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಾದರೋ ಅಂಬಿಕೆಯ ಮಗ ದತ್ತ ಎಂಬ ಅರ್ಥದಲ್ಲಿ ‘ಅಂಬಿಕಾತನಯದತ್ತ’ ಎಂದು ತಾಯಿಯ ಹೆಸರನ್ನು ಮುಂದಿಟ್ಟರು. ತಂದೆಯ ಹೆಸರು ಇನಿಷಿಯಲ್ ಆಗಿ ಹೇಗೂ ನಮ್ಮೊಡನೆ ಬರುತ್ತದೆ. ತಾಯಿಯ ಅಥವಾ ಅಜ್ಜಿಯ ಹೆಸರಿಗೆ ಜಾಗ ಕೊಡಲು ಕಾವ್ಯನಾಮದಷ್ಟು ಒಳ್ಳೆಯ ಅವಕಾಶ ಮತ್ತೊಂದು ನನಗೆ ಕಾಣುವುದಿಲ್ಲ. ಮನೆತನದ ನೆನಪು ನೋವಿನದಾಗಿದ್ದರೆ ದುಡಿಮೆಯಿಂದಲೂ ಹೆಸರನ್ನು ಪಡೆಯಬಹುದು. ನದಿಯಲ್ಲಿ ಹಡಗು ನಡೆಸಿದ್ದ ಅಮೆರಿಕದ ಲೇಖಕ ಸ್ಯಾಮ್ಯುಯೆಲ್ ಕ್ಲೆಮೆನ್ಸ್, ನೀರಿನ ಆಳ ಎರಡು ಮಾರು ಎಂದು ತಿಳಿಸುವ ಕೂಗನ್ನೇ ಹೆಸರಾಗಿಸಿಕೊಂಡು ಮಾರ್ಕ್ ಟ್ವೈನ್ ಆದರು.

ಹೆಸರು ನಿಮ್ಮ ಸ್ವಭಾವಕ್ಕೂ ಹೊಂದಬೇಕು. ಆ ವಿಷಯದಲ್ಲಿ ನಿಮ್ಮ ಬಗ್ಗೆ ನಿಮಗಿರುವ ಕಲ್ಪನೆಯನ್ನು ನಂಬದೆ, ಈವರೆಗೆ ಬರೆದದ್ದನ್ನು ಓದಿ ಅದರ ದನಿಯನ್ನು ಗುರುತಿಸಿ. ರಾಯಸಂ ಭೀಮಸೇನರಾಯರ ಹಾಸ್ಯಕ್ಕೆ ‘ಬೀಚಿ’ ಎಂಬ ಎರಡಕ್ಷರ ಸೊಗಸಾಗಿ ಹೊಂದಿತು. ಶೋಕಗೀತೆಯ ಕೆಳಗೆ ಅದೇ ಹೆಸರು ನಿಲ್ಲುತ್ತಿರಲಿಲ್ಲ.

ಎರಡು ಮೂರು ಹೆಸರುಗಳು ಉಳಿದಾಗ ಒಂದೊಂದನ್ನೂ ಫೋನಿನಲ್ಲಿ ಗೆಳೆಯರಿಗೆ ಹೇಳಿ ಬರೆಯಿಸಿ ನೋಡಿ: ಹ್ರಸ್ವ ದೀರ್ಘಗಳಲ್ಲಿ, ಲ ಮತ್ತು ಳಕಾರಗಳಲ್ಲಿ ಅವರು ತಪ್ಪಿದರೆ ಓದುಗರೂ ತಪ್ಪುತ್ತಾರೆ. ಅದೇ ಹೆಸರಿನಲ್ಲಿ ಬೇರೆಯವರು ಬರೆಯುತ್ತಿದ್ದಾರೆಯೇ ಎಂದು ಗ್ರಂಥಾಲಯದ ಪಟ್ಟಿಯಲ್ಲೂ ಅಂತರ್ಜಾಲದಲ್ಲೂ ಹುಡುಕಿ. ಬದುಕಿರುವವರ ಹೆಸರನ್ನು ಬಳಸುವುದಾದರೆ ಅವರ ಒಪ್ಪಿಗೆ ಪಡೆಯಿರಿ, ಮತ್ತು ಸಂಭಾವನೆ ಸಲ್ಲುವುದು ನಿಜನಾಮದ ಖಾತೆಗೆ ಆದ್ದರಿಂದ ಪ್ರಕಾಶಕರಿಗೆ ಆ ಹೆಸರನ್ನೂ ತಿಳಿಸಿಡಿ. ಅಚ್ಚಿಗೆ ಕೊಡುವ ಮುನ್ನ ಕೆಲವು ತಿಂಗಳು ನಿಮ್ಮ ಹಸ್ತಪ್ರತಿಗಳ ಕೆಳಗೆ ಆ ಹೆಸರಿನಲ್ಲೇ ಸಹಿ ಮಾಡುತ್ತಿರಿ. ಬರೆಯುವಾಗ ಕೈ ತಡೆಯುವ ಹೆಸರನ್ನು ಆಗಲೇ ಬಿಟ್ಟುಬಿಡಿ.