ಮನೆ ಮೊಸರಿನ ಬ್ಯಾಕ್ಟೀರಿಯಾ ರೋಗಾಣುವನ್ನು ತಡೆಯುತ್ತಾ? ಲ್ಯಾಬಿನಲ್ಲಿ ನೋಡುವ ಬಗೆ

ದಾವಣಗೆರೆಯ ಡಿಗ್ರಿ ಕಾಲೇಜೊಂದರಲ್ಲಿ ನಾನು ಮೈಕ್ರೋಬಯಾಲಜಿ ಪಾಠ ಮಾಡಲು ಶುರು ಮಾಡಿ 22 ವರ್ಷ ಆಯಿತು. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಬಂತೆಂದರೆ ಯಾರಾದರೊಬ್ಬರು ಡಬ್ಬಿಯಲ್ಲಿ ಮೊಸರು ಹಿಡಿದುಕೊಂಡು ಬಂದೇ ಬರುತ್ತಾರೆ. "ಮೇಡಂ, ಇದರಲ್ಲಿರೋ ಬ್ಯಾಕ್ಟೀರಿಯಾ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾನ ಸಾಯಿಸುತ್ತಾ ನೋಡೋಣ್ವಾ?" ಈ ಪ್ರಶ್ನೆ ನನಗೆ ಇವತ್ತಿಗೂ ಇಷ್ಟ. ಅದಕ್ಕೇ ನಾವು ಮಾಡುವ ಕ್ರಮವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇದನ್ನು ಮನೆಯಲ್ಲಿ ಮಾಡಬೇಡಿ. ಮೊಸರಿನ ಬ್ಯಾಕ್ಟೀರಿಯಾದಿಂದ ಭಯ ಇಲ್ಲ. ಆದರೆ ಎದುರಾಳಿಯಾಗಿ ಬೆಳೆಸುವ ಜೀವಿಯಿಂದ ಇದೆ. ವಿದ್ಯಾರ್ಥಿಗಳ ಕೈಗೆ ನಾನು ಕೊಡುವುದು ರೋಗ ತರದ ಈ. ಕೋಲಿ (ಕರುಳಿನಲ್ಲಿ ಇರುವ ಒಂದು ಬ್ಯಾಕ್ಟೀರಿಯಾ) ತಳಿಯನ್ನು ಮಾತ್ರ. ಕೆಟ್ಟ ಅನ್ನದಿಂದ ಹೊಟ್ಟೆ ಕೆಡಿಸುವ ಬ್ಯಾಸಿಲಸ್ ಸೀರಿಯಸ್ ಬೇಕಾದರೆ ಸೇಫ್ಟಿ ಕ್ಯಾಬಿನೆಟ್ ಒಳಗೆ, ನಾನು ಪಕ್ಕದಲ್ಲಿ ನಿಂತಾಗ ಮಾತ್ರ. ಸಾಲ್ಮೊನೆಲ್ಲಾ, ಶಿಗೆಲ್ಲಾ ತರಹದ ರೋಗಾಣುಗಳು ಡಿಗ್ರಿ ಲ್ಯಾಬಿಗೆ ಬೇಡವೇ ಬೇಡ.

ಮೊಸರು ಹಿಂದಿನ ರಾತ್ರಿ ಹೆಪ್ಪು ಹಾಕಿದ್ದಾಗಿರಲಿ. ತೊಳೆದು, ಕುದಿಯುವ ನೀರಲ್ಲಿ ಅದ್ದಿದ ಚಮಚದಿಂದ ಕೆನೆ ಸರಿಸಿ, ಒಳಗಿನ ಗಟ್ಟಿ ಮೊಸರನ್ನು ಶುದ್ಧವಾದ ಬಾಟಲಿಗೆ ತುಂಬಿಸಿ. ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತನ್ನಿ. ಹೆಪ್ಪು ಎಲ್ಲಿಂದ ಬಂತು, ಎಷ್ಟು ವರ್ಷದಿಂದ ಅದೇ ಹೆಪ್ಪು ನಡೆಯುತ್ತಿದೆ, ಹಾಲು ಹಸುವಿನದಾ ಎಮ್ಮೆಯದಾ, ಎಲ್ಲ ಕೇಳಿ ಬರೆದುಕೊಳ್ಳಿ. ಆಮೇಲೆ ಕೇಳೋಣ ಎಂದರೆ ಯಾರಿಗೂ ನೆನಪಿರುವುದಿಲ್ಲ.

ಒಂದು ಗ್ರಾಂ ಮೊಸರನ್ನು 9 ಮಿಲಿ ಸ್ಟೆರೈಲ್ ಸಲೈನ್‌ನಲ್ಲಿ (ಶೇ. 0.85 ಉಪ್ಪು) ಚೆನ್ನಾಗಿ ಕಲಕಿ. ಅದರಿಂದ ಒಂದು ಮಿಲಿ ತೆಗೆದು ಮುಂದಿನ ಟ್ಯೂಬಿಗೆ, ಅಲ್ಲಿಂದ ಅದರ ಮುಂದಿನದಕ್ಕೆ, ಹೀಗೆ ಏಳು ಟ್ಯೂಬು. ಒಳ್ಳೆ ಮೊಸರಿನ ಒಂದು ಗ್ರಾಂನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಇಷ್ಟು ತೆಳು ಮಾಡದಿದ್ದರೆ ಪ್ಲೇಟಿನಲ್ಲಿ ಒಂದೊಂದೇ ಕಾಲೊನಿ (ಒಂದೇ ಜೀವಿಯಿಂದ ಬೆಳೆದ ಚುಕ್ಕೆ) ಸಿಗುವುದಿಲ್ಲ. ಕೊನೆಯ ಮೂರು ಟ್ಯೂಬಿನಿಂದ 0.1 ಮಿಲಿ ತೆಗೆದು ಎಂಆರ್‌ಎಸ್ ಅಗಾರ್ (ಜೆಲ್ಲಿಯಂತೆ ಗಟ್ಟಿಯಾಗಿಸಿದ ಆಹಾರ) ಮೇಲೆ ಹರಡಿ.

ಎಂಆರ್‌ಎಸ್ ಎಂದರೆ ಡಿ ಮಾನ್, ರೊಗೋಸಾ, ಶಾರ್ಪ್ ಎಂಬ ಮೂವರು 1960ರಲ್ಲಿ ಪ್ರಕಟಿಸಿದ ಆಹಾರ. ಲ್ಯಾಕ್ಟೋಬ್ಯಾಸಿಲಸ್ ಕುಟುಂಬಕ್ಕೆ ಬಹಳ ಹಿತ. ಅದಕ್ಕೆ ಶೇ. 1 ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದರೆ ಇನ್ನೂ ಅನುಕೂಲ. ಆಮ್ಲ ಬಿಡುವ ಕಾಲೊನಿಯ ಸುತ್ತ ಸುಣ್ಣ ಕರಗಿ ಪ್ಲೇಟು ತಿಳಿಯಾಗುತ್ತದೆ, ಯಾವುದನ್ನು ಆರಿಸಬೇಕು ಎಂದು ಕಣ್ಣಿಗೇ ಕಾಣುತ್ತದೆ. ಪ್ಲೇಟುಗಳನ್ನು ಮುಚ್ಚಳ ಬಿಗಿಯುವ ಜಾಡಿಯಲ್ಲಿಟ್ಟು, ಒಂದು ಮೊಂಬತ್ತಿ ಹಚ್ಚಿ ಮುಚ್ಚಿ. ಬತ್ತಿ ತಾನೇ ಆರುತ್ತದೆ. ಆಮ್ಲಜನಕ ಸ್ವಲ್ಪ ಇಳಿದು, ಇಂಗಾಲದ ಡೈಆಕ್ಸೈಡ್ ಏರುತ್ತದೆ. ದುಬಾರಿ ಜಾರ್ ಇಲ್ಲದ ಕಾಲೇಜಿಗೆ ಇಷ್ಟೇ ಸಾಕು. 37 ಡಿಗ್ರಿಯಲ್ಲಿ 48 ಗಂಟೆ ಬಿಡಿ.

ಬೆಳೆದದ್ದೆಲ್ಲ ಲ್ಯಾಕ್ಟೋಬ್ಯಾಸಿಲಸ್ ಅಲ್ಲ. ಮನೆ ಮೊಸರಿನಲ್ಲಿ ಯೀಸ್ಟ್ ಕೂಡ ಇರುತ್ತದೆ, ಅದೂ ಎಂಆರ್‌ಎಸ್ ಮೇಲೆ ಸೊಗಸಾಗಿ ಬೆಳೆಯುತ್ತದೆ. ಹಾಗಾಗಿ ಪ್ರತಿ ಕಾಲೊನಿಗೂ ಗ್ರಾಮ್ ಸ್ಟೇನ್ ಮಾಡಿ (ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ) ನೋಡಲೇಬೇಕು. ನೇರಳೆ ಬಣ್ಣದ ಕಡ್ಡಿಗಳೋ ಸರಪಳಿಯಾಗಿ ನಿಂತ ಗುಂಡುಗಳೋ ಕಂಡರೆ ಸರಿ. ಮೊಗ್ಗು ಬಿಟ್ಟಂತೆ ದಪ್ಪ ದಪ್ಪ ಕಂಡರೆ ಅದು ಯೀಸ್ಟ್, ಬಿಟ್ಟುಬಿಡಿ. ಆಮೇಲೆ ಸ್ಲೈಡಿನ ಮೇಲೆ ಕಾಲೊನಿಗೆ ಒಂದು ಹನಿ ಶೇ. 3 ಹೈಡ್ರೋಜನ್ ಪೆರಾಕ್ಸೈಡ್ ಹಾಕಿ. ಗುಳ್ಳೆ ಏಳಬಾರದು. ಎದ್ದರೆ ಅದು ನಮಗೆ ಬೇಕಾದದ್ದಲ್ಲ. ಉಳಿದವನ್ನು ಎರಡು ಮೂರು ಸಲ ಹೊಸ ಪ್ಲೇಟಿನ ಮೇಲೆ ಮರು ಗೆರೆ ಎಳೆದು ಶುದ್ಧ ಮಾಡಿಕೊಳ್ಳಿ.

ಇನ್ನು ಮುಖ್ಯ ಭಾಗ. ಅದಕ್ಕೆ ಮೊದಲು ಆರು ವರ್ಷದ ಹಿಂದಿನ ಒಂದು ಘಟನೆ ಹೇಳಬೇಕು.

ಚನ್ನಗಿರಿ ಕಡೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಅಜ್ಜಿಯ ಕೈಯ ಮೊಸರು ತಂದಿದ್ದಳು. ಮಣ್ಣಿನ ಕುಡಿಕೆ, ಬಾಯಿಗೆ ಹಳೇ ಸೀರೆಯ ಚೂರು ಕಟ್ಟಿತ್ತು. ಅದರಲ್ಲಿ ಸಿಕ್ಕ ಮೂರು ಕಲ್ಚರಿನಲ್ಲಿ (ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾ) ಒಂದು ಈ. ಕೋಲಿಯ ಮೇಲೆ 16 ಮಿಲಿಮೀಟರ್ ಜೋನ್, ಅಂದರೆ ಎದುರಾಳಿ ಬೆಳೆಯದ ಜಾಗ, ಕೊಟ್ಟಿತು. ಪ್ಲೇಟನ್ನು ಬೆಳಕಿಗೆ ಹಿಡಿದರೆ, ಮಂಜಿನಂತೆ ಹರಡಿದ್ದ ಬೆಳವಣಿಗೆಯ ನಡುವೆ ಗಾಜಿನಷ್ಟು ತಿಳಿಯಾದ ಉಂಗುರ. ನಾವಿಬ್ಬರೂ ಖುಷಿಯಲ್ಲಿ ರಿಪೋರ್ಟ್ ಬರೆದೆವು. ವೈವಾಕ್ಕೆ ಬಂದ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: "ನ್ಯೂಟ್ರಲ್ ಮಾಡಿ ನೋಡಿದ್ರಾ?" ನೋಡಿರಲಿಲ್ಲ. ಮುಂದಿನ ವಾರ ಕ್ಷಾರ ಹಾಕಿ ಹುಳಿ ಕಳೆದು ನೋಡಿದೆವು. ಜೋನ್ ಪೂರ್ತಿ ಮಾಯ. ಹುಡುಗಿಯ ಕಣ್ಣಲ್ಲಿ ನೀರು. ಅವಳಿಗೆ ಅದನ್ನು ಮೊದಲೇ ಹೇಳಬೇಕಾದವಳು ನಾನು.

ಆಗಿದ್ದು ಇಷ್ಟೇ. ಉಂಗುರ ಮೂಡಿಸಿದ್ದು ಹುಳಿ. ಮೊಸರಿನ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಪಿಎಚ್ 4ರ ಹತ್ತಿರ ಇಳಿದಾಗ ಆ ಆಮ್ಲದ ಒಂದು ಪಾಲು ಒಡೆಯದ ರೂಪದಲ್ಲಿ ಉಳಿದು, ಎದುರಾಳಿಯ ಪೊರೆ ದಾಟಿ ಒಳಗೆ ಹೋಗಿ ಅಲ್ಲಿ ಒಡೆಯುತ್ತದೆ. ಒಳಗೆಲ್ಲ ಹುಳಿಯಾಗಿ ಜೀವಕೋಶ ಸೋಲುತ್ತದೆ. ಇದು ನಿಜವಾದ ಶಕ್ತಿಯೇ, ಸುಳ್ಳಲ್ಲ. ಮೊಸರಿನೊಳಗೆ ಎಷ್ಟೋ ರೋಗಾಣುಗಳು ಬೆಳೆಯಲಾರದೆ ಇರುವುದಕ್ಕೆ ದೊಡ್ಡ ಕಾರಣ ಇದೇ. ಆದರೆ "ನಮ್ಮ ಬ್ಯಾಕ್ಟೀರಿಯಾ ವಿಶೇಷ ಔಷಧ ತಯಾರಿಸುತ್ತದೆ" ಎನ್ನುವುದು ಬೇರೆಯದೇ ಮಾತು. ನಿಂಬೆರಸ ಹಾಕಿದ್ದರೂ ಆ ಉಂಗುರ ಬರಬಹುದಿತ್ತು.

ಹಾಗಾಗಿ ಈಗ ನಾವು ಹೀಗೆ ಮಾಡುತ್ತೇವೆ. ಶುದ್ಧ ಕಲ್ಚರನ್ನು ಎಂಆರ್‌ಎಸ್ ಬ್ರಾತ್‌ನಲ್ಲಿ (ದ್ರವ ರೂಪದ ಆಹಾರ) 24 ಗಂಟೆ ಬೆಳೆಸಿ, ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಜೋರಾಗಿ ತಿರುಗಿಸಿ) ಮೇಲಿನ ತಿಳಿಯನ್ನು ತೆಗೆದುಕೊಳ್ಳಿ. 10,000 ಆರ್‌ಪಿಎಂ ಇದ್ದರೆ 10 ನಿಮಿಷ ಸಾಕು. ನಮ್ಮಲ್ಲಿ ಇರುವುದು ಸಣ್ಣ ಮೆಷಿನ್ನು, 5,000ದಲ್ಲಿ ಅರ್ಧ ಗಂಟೆ ತಿರುಗಿಸುತ್ತೇವೆ. ಆ ತಿಳಿಯನ್ನು ನಾಲ್ಕು ಪಾಲು ಮಾಡಿ.

ಒಂದು ಪಾಲು ಹಾಗೇ ಇರಲಿ. ಎರಡನೆಯದಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಪಿಎಚ್ 6.5ಕ್ಕೆ ತನ್ನಿ. ಇಲ್ಲಿ ಅವಸರ ಬೇಡ. ಒಂದು ಹನಿ ಜಾಸ್ತಿಯಾದರೆ ಪಿಎಚ್ ಸರ್ರನೆ 9 ದಾಟಬಹುದು, ಆಗ ಕ್ಷಾರವೇ ಎದುರಾಳಿಯನ್ನು ತಡೆಯಬಹುದು. ಪಟ್ಟಿ ಕಾಗದ ನಂಬಬೇಡಿ, ಮೀಟರ್ ಬಳಸಿ. ಎಷ್ಟು ಹನಿ ಬಿಟ್ಟಿರೋ ಅಷ್ಟೇ ನೀರನ್ನು ಮೊದಲ ಪಾಲಿಗೂ ಸೇರಿಸಿ. ಇಲ್ಲದಿದ್ದರೆ ಒಂದು ಗಟ್ಟಿ ಇನ್ನೊಂದು ತೆಳು ಆಗಿ ಹೋಲಿಕೆ ಕೆಡುತ್ತದೆ. ಮೂರನೆಯದನ್ನೂ ಹೀಗೇ ನ್ಯೂಟ್ರಲ್ ಮಾಡಿ ಕ್ಯಾಟಲೇಸ್ ಎಂಜೈಮ್ ಹಾಕಿ. ಕೆಲವು ಲ್ಯಾಕ್ಟೋಬ್ಯಾಸಿಲಸ್‌ಗಳು ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತವೆ, ಅದನ್ನು ಇದು ಒಡೆಯುತ್ತದೆ. ನಾಲ್ಕನೆಯದನ್ನು ನ್ಯೂಟ್ರಲ್ ಮಾಡಿ ಟ್ರಿಪ್ಸಿನ್ ಹಾಕಿ, 37 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ಟ್ರಿಪ್ಸಿನ್ ಪ್ರೊಟೀನ್ ಕತ್ತರಿಸುತ್ತದೆ. ಆಮೇಲೆ ಎಲ್ಲವನ್ನೂ 0.22 ಮೈಕ್ರಾನ್ ಸಿರಿಂಜ್ ಫಿಲ್ಟರಿನಲ್ಲಿ ಸೋಸಿ. ಒಂದೇ ಒಂದು ಜೀವಂತ ಬ್ಯಾಕ್ಟೀರಿಯಾ ಉಳಿದರೂ ಅದು ರಾತ್ರಿಯಿಡೀ ಬೆಳೆದು ಮತ್ತೆ ಹುಳಿ ಮಾಡುತ್ತದೆ.

ಇವುಗಳ ಜೊತೆ ಇನ್ನೆರಡು ಬೇಕೇ ಬೇಕು. ಏನೂ ಬೆಳೆಸದ ಖಾಲಿ ಎಂಆರ್‌ಎಸ್ ಬ್ರಾತ್ ಒಂದು. ಲ್ಯಾಕ್ಟಿಕ್ ಆಮ್ಲ ಹಾಕಿ ಮೊದಲ ಪಾಲಿನ ಪಿಎಚ್‌ಗೇ ತಂದ ಖಾಲಿ ಬ್ರಾತ್ ಇನ್ನೊಂದು. ಈ ಎರಡನೆಯದನ್ನು ತುಂಬಾ ಜನ ಮರೆಯುತ್ತಾರೆ. ಎಂಆರ್‌ಎಸ್‌ನಲ್ಲಿ ಲೀಟರಿಗೆ 5 ಗ್ರಾಂ ಸೋಡಿಯಂ ಅಸಿಟೇಟ್ ಇರುತ್ತದೆ. ಹುಳಿಯಲ್ಲಿ ಅದು ಅಸಿಟಿಕ್ ಆಮ್ಲವಾಗಿ ತಾನೂ ತಡೆಯುವ ಕೆಲಸ ಮಾಡುತ್ತದೆ. ಅಂದರೆ ಒಂದೂ ಬ್ಯಾಕ್ಟೀರಿಯಾ ಬೆಳೆಯದ ಬ್ರಾತ್ ಕೂಡ ಜೋನ್ ಕೊಡಬಹುದು! ನಮ್ಮ ಲ್ಯಾಬಿನಲ್ಲಿ ಅದು 13 ಮಿಲಿಮೀಟರ್ ಕೊಟ್ಟಿದೆ.

ಈ. ಕೋಲಿಯನ್ನು 0.5 ಮೆಕ್‌ಫಾರ್ಲೆಂಡ್ ಮಬ್ಬಿಗೆ (ದ್ರವದಲ್ಲಿ ಬ್ಯಾಕ್ಟೀರಿಯಾ ಎಷ್ಟಿವೆ ಎಂದು ಅಂದಾಜಿಸುವ ಅಳತೆ) ತಂದು, ಹತ್ತಿ ಕಡ್ಡಿಯಿಂದ ಮುಲ್ಲರ್ ಹಿಂಟನ್ ಅಗಾರ್ ಮೇಲೆ ಮೂರು ದಿಕ್ಕಿಗೆ ಸವರಿ. 6 ಮಿಲಿಮೀಟರ್ ಬೋರರ್‌ನಿಂದ ಕುಳಿ ತೆಗೆಯಿರಿ. ಕುಳಿಯ ತಳಕ್ಕೆ ಒಂದು ಹನಿ ಕರಗಿದ ಅಗಾರ್ ಬಿಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ದ್ರವ ಅಡಿಯಲ್ಲಿ ಸೋರಿ ಜೋನ್ ಸೊಟ್ಟ ಬರುತ್ತದೆ. ಪ್ರತಿ ಕುಳಿಗೆ 80 ಮೈಕ್ರೋಲೀಟರ್. ಎರಡು ಗಂಟೆ ಫ್ರಿಜ್‌ನಲ್ಲಿ, ಆಮೇಲೆ 37 ಡಿಗ್ರಿಯಲ್ಲಿ ಒಂದು ದಿನ. ಪ್ಲೇಟಿನ ಹಿಂಬದಿಯಿಂದ ಅಳೆಯಿರಿ. ಮೂರು ಪ್ಲೇಟ್ ಇಲ್ಲದೆ ಯಾವ ಅಂಕಿಯನ್ನೂ ಬರೆಯಬೇಡಿ.

ಓದುವುದು ಹೇಗೆ? ನ್ಯೂಟ್ರಲ್ ಮಾಡಿದ ಕೂಡಲೇ ಜೋನ್ ಹೋದರೆ ಕೆಲಸ ಆಮ್ಲದ್ದು. ಕ್ಯಾಟಲೇಸ್ ಹಾಕಿದ್ದರಲ್ಲಿ ಮಾತ್ರ ಹೋದರೆ ಪೆರಾಕ್ಸೈಡ್. ಟ್ರಿಪ್ಸಿನ್ ಹಾಕಿದ್ದರಲ್ಲಿ ಮಾತ್ರ ಹೋದರೆ ಪ್ರೊಟೀನ್, ಅಂದರೆ ಬ್ಯಾಕ್ಟೀರಿಯೋಸಿನ್ (ಬೇರೆ ಬ್ಯಾಕ್ಟೀರಿಯಾವನ್ನು ತಡೆಯುವ ಪ್ರೊಟೀನ್) ಇರಬಹುದು. ಇದರಲ್ಲಿ ಹೆಸರುವಾಸಿಯಾದದ್ದು ನಿಸಿನ್. ಹಾಲಿನಲ್ಲಿ ಬೆಳೆಯುವ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ತಯಾರಿಸುವ ವಸ್ತು. 1928ರಲ್ಲೇ ಇದರ ಗುಣ ಗಮನಕ್ಕೆ ಬಂದಿತ್ತು. ಈಗ ಚೀಸ್ ಕೆಡದಂತೆ ಹಾಕುತ್ತಾರೆ, ಆಹಾರ ಸಂರಕ್ಷಕಗಳ ಪಟ್ಟಿಯಲ್ಲಿ ಸಂಖ್ಯೆ ಇ234. ಆದರೆ ನಿಸಿನ್ ಬ್ಯಾಸಿಲಸ್, ಲಿಸ್ಟೀರಿಯಾ ತರಹದ, ಗ್ರಾಮ್ ಸ್ಟೇನ್ ಮಾಡಿದಾಗ ನೇರಳೆ ಕಾಣುವ ಗ್ರಾಮ್ ಪಾಸಿಟಿವ್‌ಗಳ ಮೇಲೆ ನಡೆಯುತ್ತದೆ. ಈ. ಕೋಲಿ, ಸಾಲ್ಮೊನೆಲ್ಲಾಗಳಿಗೆ ಹೊರಗೆ ಇನ್ನೊಂದು ಪೊರೆ ಇದೆ, ಅದನ್ನು ದಾಟುವುದು ಅದಕ್ಕೆ ಕಷ್ಟ. ಅದಕ್ಕೇ ಈ. ಕೋಲಿ ಒಂದರ ಮೇಲೇ ನೋಡಿದರೆ ನಿಮ್ಮ ಕಲ್ಚರಿನ ನಿಜವಾದ ಗುಣ ಕಣ್ಣು ತಪ್ಪಬಹುದು.

ನಮ್ಮ ಹುಡುಗಿಗೆ ಆಗಿದ್ದೂ ಅದೇ. ಅವಳು ಬಿಟ್ಟು ಕೊಡಲಿಲ್ಲ. ಅದೇ ಕುಡಿಕೆಯ ಮೂರನೇ ಕಲ್ಚರು ಈ. ಕೋಲಿಯ ಮೇಲೆ ಸಪ್ಪೆಯಾಗಿತ್ತು ಎಂದು ಪಕ್ಕಕ್ಕಿಟ್ಟಿದ್ದೆವು. ಬ್ಯಾಸಿಲಸ್ ಸೀರಿಯಸ್ ಮೇಲೆ ನ್ಯೂಟ್ರಲ್ ಮಾಡಿ ಹಾಕಿದಾಗಲೂ ಅದು 11 ಮಿಲಿಮೀಟರ್ ಕೊಟ್ಟಿತು. ಕ್ಯಾಟಲೇಸ್‌ಗೆ ಜಗ್ಗಲಿಲ್ಲ. ಟ್ರಿಪ್ಸಿನ್ ಹಾಕಿದಲ್ಲಿ ಏನೂ ಇಲ್ಲ. ಮೂರು ಸಲ ಮಾಡಿದರೂ ಅದೇ. ಮೊದಲಿನ ಉಂಗುರಕ್ಕಿಂತ ಚಿಕ್ಕದು, ಆದರೆ ಅವಳು ಈಗ ಯಾವ ಪರೀಕ್ಷಕರ ಎದುರಿಗೂ ನಿಲ್ಲಬಲ್ಲಳು.

ಇಷ್ಟಾದ ಮೇಲೂ ಪ್ಲೇಟು ಹೊಟ್ಟೆಯಲ್ಲ. ಹೊಟ್ಟೆಯ ಆಮ್ಲ, ಪಿತ್ತ ದಾಟಿ ಕರುಳಿಗೆ ಎಷ್ಟು ಜೀವಂತ ಮುಟ್ಟುತ್ತವೆ ಎನ್ನುವುದು ಬೇರೆ ಪರೀಕ್ಷೆ. ಪಿಎಚ್ 2.5ರಲ್ಲಿ ಮೂರು ಗಂಟೆ, ಶೇ. 0.3 ಪಿತ್ತದ ಲವಣದಲ್ಲಿ ನಾಲ್ಕು ಗಂಟೆ ಇಟ್ಟು ಮತ್ತೆ ಎಣಿಸಿ ನೋಡಬಹುದು. ಮನುಷ್ಯರಲ್ಲಿ ಪರೀಕ್ಷೆ ಆಗದೆ ಯಾವುದನ್ನೂ ಪ್ರೊಬಯಾಟಿಕ್ (ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಬ್ಯಾಕ್ಟೀರಿಯಾ) ಎಂದು ಬರೆಯಬೇಡಿ. ಮನೆಯಲ್ಲಿ ಯಾರಿಗಾದರೂ ಭೇದಿಯಾದರೆ ಮೊದಲು ಬೇಕಾದದ್ದು ಓಆರ್‌ಎಸ್. ಮಲದಲ್ಲಿ ರಕ್ತ, ಜಾಸ್ತಿ ಜ್ವರ, ಮಗು ಸುಸ್ತಾಗಿ ಮೂತ್ರ ಕಡಿಮೆಯಾದರೆ ತಕ್ಷಣ ಡಾಕ್ಟರ ಹತ್ತಿರ ಹೋಗಿ. ಮಜ್ಜಿಗೆ ಅನ್ನ ಅದರ ಜೊತೆಗೆ ಇರಲಿ, ಅದರ ಬದಲಿಗೆ ಬೇಡ.

ಕೆಲಸ ಮುಗಿದ ಪ್ಲೇಟುಗಳನ್ನು 121 ಡಿಗ್ರಿಯಲ್ಲಿ ಅರ್ಧ ಗಂಟೆ ಆಟೋಕ್ಲೇವ್ ಮಾಡಿಯೇ ಎಸೆಯಿರಿ. ಒಳ್ಳೆಯ ಕಲ್ಚರನ್ನು ಶೇ. 20 ಗ್ಲಿಸರಾಲ್‌ನಲ್ಲಿ ಬೆರೆಸಿ ಫ್ರೀಜರಿನಲ್ಲಿ ಇಡಿ. ಟ್ಯೂಬಿನ ಮೇಲೆ ತಾರೀಖು, ಊರು, ಯಾರ ಮನೆಯ ಹೆಪ್ಪು ಎಂದು ಅಳಿಸದ ಮಾರ್ಕರಿನಲ್ಲಿ ಬರೆಯಿರಿ. ನಮ್ಮ ಫ್ರೀಜರಿನ ಎರಡನೇ ಸಾಲಿನಲ್ಲಿ "ಅಜ್ಜಿ-3" ಎಂದು ಬರೆದ ಟ್ಯೂಬು ಇದೆ. ಪ್ರತಿ ಜೂನ್‌ನಲ್ಲಿ ಅದನ್ನು ಒಮ್ಮೆ ಬೆಳೆಸಿ, ಗ್ರಾಮ್ ಸ್ಟೇನ್ ಮಾಡಿ ನೋಡಿ, ಹೊಸ ಟ್ಯೂಬಿಗೆ ಹಾಕಿ ಮತ್ತೆ ಅಲ್ಲೇ ಇಡುತ್ತೇನೆ.