ಕನ್ನಡ ಲಿಪಿಯಲ್ಲಿ ಬರೆದುಕೊಂಡು ಇಟಾಲಿಯನ್ ಮಾತಾಡಲು ಕಲಿತೆ

ಇಟಾಲಿಯನ್ ಭಾಷೆಯ ಮಧ್ಯಮ ಮಟ್ಟದ ಬಿ1 ಪರೀಕ್ಷೆಯ ಮೌಖಿಕ ಮುಗಿಯಿತು, ಅಂಕವೂ ಚೆನ್ನಾಗಿಯೇ ಬಂತು. ಇಟಾಲಿಯನ್ನನ್ನು ಕನ್ನಡ ಲಿಪಿಯಲ್ಲಿ ಬರೆದು ಕಲಿಯುತ್ತೇನೆ ಎಂದಾಗ ಇಟಲಿಯ ತೊರಿನೊ (ಟ್ಯೂರಿನ್) ಊರಿನ ನಮ್ಮ ಗೆಳೆಯರು ನಕ್ಕಿದ್ದರು. ಈಗ ಅವರೇ ನೋಟ್‌ಬುಕ್ ಕೇಳುತ್ತಿದ್ದಾರೆ.

ಮೊದಲು ಹಾಳಾದ ಹಣದ ಲೆಕ್ಕ. ಆ್ಯಪ್‌ನ ವಾರ್ಷಿಕ ಚಂದಾ ಎಪ್ಪತ್ತೋ ಎಂಬತ್ತೋ ಯೂರೋ. ಗಂಟೆಗೆ ಇಪ್ಪತ್ತರಂತೆ ಖಾಸಗಿ ಪಾಠ, ಒಂದು ಚಳಿಗಾಲವಿಡೀ. ಕ್ರಿಯಾಪದಗಳೆಲ್ಲ ಬಾಯಿಪಾಠವಾದವು, ಕಚೇರಿಯ ಕಾಫಿ ಯಂತ್ರದ ಮುಂದೆ ಮಾತ್ರ ಬಾಯಿ ಬರಲಿಲ್ಲ. ಆಮೇಲೆ ಸೇರಿದ ಸಿಪಿಐಎ, ಸರ್ಕಾರದ ವಯಸ್ಕರ ಶಾಲೆ, ಹೆಚ್ಚುಕಡಿಮೆ ಪುಕ್ಕಟೆ. ಅದೇ ವಾಸಿ.

ಬಿಡಿ ಪದ ಬರೆಯುವುದನ್ನು ಬಿಟ್ಟು, ಬಾಯಲ್ಲಿ ಬರುವ ಹಾಗೆ ಇಡೀ ತುಣುಕನ್ನೇ ಬರೆದೆ. ಲೋಕಾಭಿರಾಮಕ್ಕೆ ‘ಪಾರ್ಲಾರೆ ದೆಲ್ ಪ್ಯೂ ಎ ದೆಲ್ ಮೇನೊ’. ಹರಟೆಗೆ ‘ಫಾರೆ ದೂಎ ಕ್ಯಾಕ್ಕ್ಯೆರೆ’. ‘ಕೊನ್‌ಫ್ರೊಂತಾರ್ಸಿ ಕೊನ್’ ಕಚೇರಿಯಲ್ಲಿ ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. ಇಂಗ್ಲಿಷ್ ಬಲ್ಲವರು ಜಗಳವೆಂದು ಹೆದರುತ್ತಾರೆ, ಅಲ್ಲಿ ನಡೆಯುವುದು ಅಭಿಪ್ರಾಯ ವಿನಿಮಯ ಅಷ್ಟೇ. ‘ದಿಸ್ಕೂತೆರೆ’ಯಲ್ಲಿ ಎಚ್ಚರ: ಚರ್ಚೆಗೂ ಅದೇ, ಜಟಾಪಟಿಗೂ ಅದೇ.

ಮೌಖಿಕದಲ್ಲಿ ಕೈಹಿಡಿದದ್ದು ‘ಸೆಕೊಂದೊ ಮೆ’, ನನ್ನ ಪ್ರಕಾರ. ‘ಪೆನ್ಸೊ ಕೆ’, ನನಗನಿಸುತ್ತದೆ, ಎಂದು ಶುರುಮಾಡಿದರೆ ಕೊನ್‌ಜುಂತೀವೊ, ಅನಿಸಿಕೆ ಅನುಮಾನಗಳಿಗೆ ಬಳಸುವ ಬೇರೆ ಕ್ರಿಯಾರೂಪ, ಬೆನ್ನು ಹತ್ತುತ್ತದೆ. ‘ಸೆಕೊಂದೊ ಮೆ’ಗಾದರೆ ಸಾದಾ ವರ್ತಮಾನ ಸಾಕು. ಇಂಥವು ಇನ್ನೆರಡಿವೆ, ಅವು ಸದ್ಯ ನನ್ನ ಬಳಿಯೇ ಇರಲಿ.

ಲಿಪಿಯ ದೊಡ್ಡ ಲಾಭ ಒತ್ತಕ್ಷರ. ‘ಪೇನಾ’ ಎಂದರೆ ಸಂಕಟ, ‘ಪೆನ್ನಾ’ ಎಂದರೆ ಪೆನ್ನು. ಇಂಗ್ಲಿಷ್ ಮನೆಮಾತಿನ ಸಹಪಾಠಿಗಳು ತಡವರಿಸುತ್ತಿದ್ದ ಈ ವ್ಯತ್ಯಾಸ ನನಗೆ ಬಿಟ್ಟಿಯಾಗಿ ದಕ್ಕಿತು. ಟ, ಡ ಬಿಟ್ಟು ತ, ದ ಹಿಡಿಯಿರಿ, ಉಚ್ಚಾರಣೆ ಅರ್ಧ ಗೆದ್ದಂತೆ. ಒತ್ತಿ ಹೇಳುವ ಜಾಗವನ್ನು ಮಾತ್ರ ನಮ್ಮ ಲಿಪಿ ತೋರಿಸುವುದಿಲ್ಲ. ಅಲ್ಲಿ ಕೆಂಪು ಗೆರೆ ಎಳೆದೆ.

ನಡುವೆ ತೊರಿನೊದ ಪೋರ್ತಾ ಪಲಾತ್ಸೊ ಸಂತೆಯಲ್ಲೂ ಪ್ರಯೋಗ ಮಾಡಿದೆ. ಹೊರದೇಶಗಳಿಂದ ಬಂದ ವ್ಯಾಪಾರಿಗಳು ಸಂಕೋಚವಿಲ್ಲದೆ ಮಾತಿಗೆ ಸಿಗುತ್ತಾರೆ. ಸ್ಥಳೀಯ ಅಜ್ಜಂದಿರು ಇಲ್ಲಿನ ಪ್ರಾದೇಶಿಕ ನುಡಿ ಪಿಯೆಮೊಂತೇಸೆಗೆ ಜಾರಿದರೆ ಏನೂ ತಿಳಿಯುವುದಿಲ್ಲ. ಆದರೆ ನಾಲ್ಕು ಮಾತಿಗೆ ಒಂದು ಕಿಲೋ ಟೊಮೆಟೊ ಕೊಳ್ಳಲೇಬೇಕು, ಮನೆಯಲ್ಲಿ ವಾರವೆಲ್ಲ ಟೊಮೆಟೊ ಗೊಜ್ಜು. ಕೊನೆಗೆ ಅಗ್ಗವೆನಿಸಿದ್ದು ಬಾರ್, ಎಂದರೆ ಇಲ್ಲಿನ ಕಾಫಿ ಅಂಗಡಿ. ಕೌಂಟರಿನಲ್ಲಿ ನಿಂತು ಕುಡಿದರೆ ಎಸ್ಪ್ರೆಸೊ ಒಂದೂಕಾಲು ಯೂರೋ ಆಸುಪಾಸು. ಮೇಜಿಗೆ ಕುಳಿತರೆ ಬೆಲೆಯೂ ಏರುತ್ತದೆ, ಮಾತಿಗೆ ಜನವೂ ಸಿಗುವುದಿಲ್ಲ.