ಪಾಠದ ತುಂಬಾ ‘ಇದ್ದರು’, ‘ಇದ್ದರು’

ನಾನು ಎಂಟನೇ ಕ್ಲಾಸಿಗೆ ಸಮಾಜ ಪಾಠ ಮಾಡುತ್ತೇನೆ. ಜಗತ್ತಿನ ಮೂಲನಿವಾಸಿಗಳ ಬಗ್ಗೆ ನಾವು ಓದಿಸುವ ಪುಸ್ತಕದಲ್ಲಿ ಎರಡೂವರೆ ಪುಟ ಇದೆ. ತುಂಬಾ ವರ್ಷ ಅದನ್ನು ಇದ್ದ ಹಾಗೇ ಓದಿಸಿ, ಪ್ರಶ್ನೋತ್ತರ ಬರೆಸಿ, ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಒಂದು ಸಲ ಪಾಠ ಮುಗಿಸಿ ಪುಸ್ತಕ ಮುಚ್ಚುವಾಗ ಹಿಂದಿನ ಬೆಂಚಿನ ಹುಡುಗ ಎದ್ದು ಕೇಳಿದ, “ಮಿಸ್, ಇವರೆಲ್ಲ ಯಾವಾಗ ಸತ್ತುಹೋದರು?”

ಅವನು ತಲೆಹರಟೆಗೆ ಕೇಳಿದ್ದಲ್ಲ. ಆ ಪುಟಗಳನ್ನು ಓದಿದ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಅವತ್ತು ರಾತ್ರಿ ಕೆಂಪು ಪೆನ್ನು ಹಿಡಿದು ಕೂತೆ. ವಾಸಿಸುತ್ತಿದ್ದರು. ಬೇಟೆಯಾಡುತ್ತಿದ್ದರು. ಪ್ರಕೃತಿಯನ್ನು ಪೂಜಿಸುತ್ತಿದ್ದರು. ಒಂದೊಂದಕ್ಕೂ ಸುತ್ತು ಹಾಕುತ್ತಾ ಹೋದೆ. 34 ವಾಕ್ಯಗಳಲ್ಲಿ 29 ಭೂತಕಾಲದಲ್ಲಿದ್ದವು, ಹೆಚ್ಚಿನವು ‘ಇದ್ದರು’ ಅಂತಲೇ ಮುಗಿಯುತ್ತಿದ್ದವು. ಉಳಿದ ಐದು ಮಳೆ, ಚಳಿ, ಖಂಡಗಳ ಬಗ್ಗೆ, ಅವು ಮಾತ್ರ ವರ್ತಮಾನದಲ್ಲಿ. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ ಸುಮಾರು 90 ದೇಶಗಳಲ್ಲಿ 47 ಕೋಟಿಗೂ ಜಾಸ್ತಿ ಮೂಲನಿವಾಸಿಗಳು ಇದ್ದಾರೆ. ಅಷ್ಟು ಜನರನ್ನು ನಾನೇ ನನ್ನ ಬಾಯಾರೆ ವರ್ಷವರ್ಷವೂ ‘ಇದ್ದರು’ ಮಾಡುತ್ತಾ ಬಂದಿದ್ದೆ.

ಮಾರನೇ ದಿನ ಆ ಪುಟಗಳನ್ನೇ ಜೆರಾಕ್ಸ್ ಮಾಡಿಸಿ ಮಕ್ಕಳಿಗೆ ಹಂಚಿದೆ. ಕ್ರಿಯಾಪದಕ್ಕೆಲ್ಲ ಗೆರೆ ಹಾಕಿ, ಇದು ಈಗಲೂ ನಿಜವೇ ಅಂತ ಹುಡುಕಿಕೊಂಡು ಬನ್ನಿ ಅಂದೆ. ಕಾಲ ಬದಲಾಯಿಸಿದರೆ ಮುಗೀತು ಅಂತ ನಾನೂ ಅಂದುಕೊಂಡಿದ್ದೆ. ಮುಗಿಯಲಿಲ್ಲ. ಯುರೋಪಿನ ಉತ್ತರ ತುದಿಯ ಮೂಲನಿವಾಸಿಗಳ ಬಗ್ಗೆ ಇದ್ದ ‘ಸಾಮಿ ಜನ ಹಿಮಸಾರಂಗ ಸಾಕುತ್ತಿದ್ದರು’ ಅನ್ನುವುದನ್ನು ಒಂದು ಗುಂಪು ‘ಸಾಕುತ್ತಾರೆ’ ಅಂತ ತಿದ್ದಿತು. ಇನ್ನೊಂದು ಗುಂಪಿನ ಹುಡುಗಿ ಒಪ್ಪಲಿಲ್ಲ. ಈಗ ಹಿಮಸಾರಂಗ ಸಾಕುವವರು ಸಾಮಿಗಳಲ್ಲಿ ಕೆಲವರು ಮಾತ್ರ, ಮಿಕ್ಕವರು ಬೇರೆ ಬೇರೆ ಕೆಲಸದಲ್ಲಿದ್ದಾರೆ, ನಾರ್ವೆಯಲ್ಲಿ 1989ರಿಂದ ಅವರದೇ ಸಂಸತ್ತು ಇದೆ ಅಂತ ಓದಿಕೊಂಡು ಬಂದಿದ್ದಳು. ಕೊನೆಗೆ ಆ ಒಂದು ವಾಕ್ಯ ನಾಲ್ಕು ವಾಕ್ಯವಾಯಿತು. ನನಗೆ ತುಂಬಾ ಖುಷಿಯಾಯಿತು.

ಆದರೆ ಆಮೇಲೆ ಕಣ್ಣಿಗೆ ಬಿದ್ದದ್ದು ಇದಕ್ಕಿಂತ ದೊಡ್ಡದು. ‘ಅವರ ಭೂಮಿ ಕೈತಪ್ಪಿತು.’ ‘ಅವರ ಸಂಖ್ಯೆ ಕಡಿಮೆಯಾಯಿತು.’ ‘ಅವರ ಭಾಷೆಗಳು ಮರೆಯಾದವು.’ ಈ ವಾಕ್ಯಗಳಲ್ಲಿ ಮಾಡಿದವರೇ ಇಲ್ಲ, ನೋಡಿ. ಎಲ್ಲವೂ ಮಳೆ ಬಂದ ಹಾಗೆ, ಎಲೆ ಉದುರಿದ ಹಾಗೆ ತಂತಾನೇ ಆಗಿಹೋಗುತ್ತದೆ. ಕನ್ನಡದಲ್ಲಿ ಹೀಗೆ ಬರೆಯುವುದು ತುಂಬಾ ಸುಲಭ, ಅದಕ್ಕೇ ನಾವು ಗಮನಿಸುವುದೇ ಇಲ್ಲ. ಬೋರ್ಡಿನ ಮೇಲೆ ‘ಭಾಷೆಗಳು ಮರೆಯಾದವು’ ಅಂತ ಬರೆದು ಪಕ್ಕದಲ್ಲಿ ದೊಡ್ಡದಾಗಿ ‘ಯಾರು?’ ಅಂತ ಬರೆದೆ. ಆ ಒಂದು ಪದ ಇಟ್ಟುಕೊಂಡೇ ಮೂರು ಪೀರಿಯಡ್ ಪಾಠ ಮಾಡಿದೆ.

ಮೊದಲನೇ ಪೀರಿಯಡ್‌ಗೆ ಎರಡು ಫೋಟೋ ತಂದಿದ್ದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರಿಚರ್ಡ್ ಹೆನ್ರಿ ಪ್ರಾಟ್ ಎಂಬ ಸೇನಾಧಿಕಾರಿ 1879ರಲ್ಲಿ, ಮೂಲನಿವಾಸಿ ಮಕ್ಕಳನ್ನು ಬಿಳಿಯರ ರೀತಿನೀತಿಗೆ ಬದಲಾಯಿಸಲು, ಕಾರ್ಲೈಲ್ ಶಾಲೆ ಶುರು ಮಾಡಿದ. ಅಲ್ಲಿಗೆ ಸೇರಿದ ಟಾಮ್ ಟೊರ್ಲಿನೊ ಎಂಬ, ನವಾಹೋ ಮೂಲನಿವಾಸಿ ಸಮುದಾಯದ ಯುವಕನ ಫೋಟೋಗಳು ಅವು. ಒಂದರಲ್ಲಿ ಉದ್ದ ಕೂದಲು, ಕಿವಿಗೆ ಓಲೆ, ಕೊರಳ ತುಂಬಾ ಸರ. ಮೂರು ವರ್ಷದ ನಂತರದ ಫೋಟೋದಲ್ಲಿ ಕ್ರಾಪು, ಕೋಟು, ಟೈ. ಒಂದು ನಿಮಿಷ ಸುಮ್ನೆ ನೋಡಿ ಅಂದೆ. “ಮಿಸ್, ಎರಡನೇದರಲ್ಲಿ ಮುಖ ಬೆಳ್ಳಗಾಗಿದೆ” ಅಂದಳು ಒಬ್ಬಳು. ನಾನು ಉತ್ತರ ಹೇಳಲಿಲ್ಲ. ಈ ಫೋಟೋ ಯಾರು ತೆಗೆಸಿದರು, ಯಾರಿಗೆ ತೋರಿಸಬೇಕು ಅಂತ ತೆಗೆಸಿದರು ಅಂತ ಕೇಳಿದೆ. ಶಾಲೆಯೇ ತನ್ನ ಪ್ರಚಾರಕ್ಕೆ ಬಳಸಿತು ಅಂತ ತಿಳಿದಾಗ ಕ್ಲಾಸು ಗಪ್‌ಚುಪ್. ಕೆನಡಾದ ವಸತಿ ಶಾಲೆಗಳ ಬಗ್ಗೆ ಮಾರನೇ ದಿನ ಹೇಳಿದೆ. ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಅಲ್ಲಿ ಇಟ್ಟಿದ್ದರು, ಮನೆ ಮಾತು ಆಡಿದರೆ ಶಿಕ್ಷೆ, ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ, ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ‘ಮರೆಯಾದವು’ ಎಂಬ ಪದವನ್ನು ಒಬ್ಬ ಹುಡುಗ ತಾನೇ ಎದ್ದು ಬಂದು ಅಳಿಸಿದ. ಏನು ಬರೆಯಬೇಕು ಅಂತ ಅವನಿಗೆ ತಕ್ಷಣ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ‘ಬಿಡಿಸಿದರು’ ಅಂತ ಬರೆದ.

ಒಂದು ಎಚ್ಚರ. ಬರೀ ನೋವಿನ ಕಥೆ ಹೇಳಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಮಕ್ಕಳಿಗೆ ಮತ್ತೆ ‘ಪಾಪ’ ಅನ್ನಿಸುತ್ತದೆ ಅಷ್ಟೇ. ಅದಕ್ಕೇ ಮೂರನೇ ಪೀರಿಯಡ್ ಪೂರ್ತಿ ಮೂಲನಿವಾಸಿಗಳೇ ಎದ್ದು ಮಾಡಿದ ಕೆಲಸಗಳಿಗೆ ಇಟ್ಟೆ. ನ್ಯೂಜಿಲೆಂಡಿನ ಮಾವೊರಿಗಳು ತಮ್ಮ ಭಾಷೆ ಹಿರಿಯರ ಬಾಯಲ್ಲಿ ಮಾತ್ರ ಉಳಿಯುತ್ತಿದೆ ಅಂತ ಕಂಡು, 1982ರಲ್ಲಿ ‘ಭಾಷೆಯ ಗೂಡು’ ಎಂಬ ಅರ್ಥದ ಹೆಸರಿಟ್ಟು ಪುಟ್ಟ ಮಕ್ಕಳ ಶಾಲೆಗಳನ್ನು ತೆರೆದರು. ಅಜ್ಜಿ ತಾತಂದಿರೇ ಅಲ್ಲಿ ಮಾತು ಕಲಿಸುವವರು. ಐದು ವರ್ಷ ಕಳೆಯುವಷ್ಟರಲ್ಲಿ ಮಾವೊರಿ ಅಲ್ಲಿನ ಅಧಿಕೃತ ಭಾಷೆಯಾಯಿತು. ತಮ್ಮ ಜನರ ನೆಲದ ಹಕ್ಕಿಗಾಗಿ ಕೋರ್ಟಿಗೆ ಹೋದ ಆಸ್ಟ್ರೇಲಿಯಾದ ಮೂಲನಿವಾಸಿ ಎಡ್ಡಿ ಮಾಬೊ ಕಥೆಯನ್ನೂ ಹೇಳಿದೆ. ಬ್ರಿಟಿಷರು ಬರುವ ಮುಂಚೆ ಆ ನೆಲಕ್ಕೆ ವಾರಸುದಾರರೇ ಇರಲಿಲ್ಲ ಎಂಬ ಕಾನೂನಿನ ಸುಳ್ಳನ್ನು 1992ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ತಳ್ಳಿಹಾಕಿತು. ತೀರ್ಪು ಬರುವ ಕೆಲವೇ ತಿಂಗಳ ಮುಂಚೆ ಮಾಬೊ ತೀರಿಕೊಂಡಿದ್ದರು. ಇದನ್ನು ಹೇಳುವಾಗ ನನ್ನ ಗಂಟಲು ಪ್ರತಿ ವರ್ಷ ಕಟ್ಟುತ್ತದೆ.

ಈಗ ನಾನು ಮಾಡಿದ ತಪ್ಪು. ಆಗಸ್ಟ್ 9 ವಿಶ್ವ ಮೂಲನಿವಾಸಿಗಳ ದಿನ. ಮೊದಲನೇ ವರ್ಷ ಉತ್ಸಾಹದಲ್ಲಿ ವೇಷ ಹಾಕಿಸಿದೆ. ಕಾಗದದ ಗರಿ, ಮುಖಕ್ಕೆ ಬಣ್ಣ, ಕೈಯಲ್ಲಿ ಬಿಲ್ಲು ಬಾಣ. ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು, ಅವಳ ಮನೆಯವರೇ ಮೂಲನಿವಾಸಿ ಸಮುದಾಯದವರು. ಅವಳಿಗೆ ಕೊಟ್ಟ ಗರಿಯನ್ನು ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ನಿಂತಿದ್ದಳು. ಯಾಕಮ್ಮ ಅಂತ ಕೇಳಿದೆ. “ನಮ್ಮಜ್ಜಿ ಹೀಗಿಲ್ಲ, ಮಿಸ್.” ಅಷ್ಟೇ ಅಂದಳು. ಯಾರದೋ ಪೂಜೆಯ, ಯಾರದೋ ಗೌರವದ ವಸ್ತುವನ್ನು ನಾನು ಅಂಟು, ಕತ್ತರಿ ಹಿಡಿದು ಆಟದ ಸಾಮಾನು ಮಾಡಿದ್ದೆ, ಅದೂ ಅವಳ ಎದುರಿಗೇ. ಅವಳ ಹತ್ತಿರ ತಪ್ಪಾಯಿತು ಅಂದೆ. ವೇಷ ಅವತ್ತಿಗೆ ನಿಂತಿತು.

ಅದೇ ವರ್ಷ ಆಮೇಲೆ ಆ ಅಜ್ಜಿಯನ್ನೇ ಕರೆಯೋಣ ಅನ್ನಿಸಿತು. ಹುಡುಗಿಯ ಮೂಲಕ ಹೇಳಿ ಕಳಿಸಲಿಲ್ಲ. ಮಗುವಿನ ಮೇಲೆ ಆ ಭಾರ ಹಾಕಬಾರದು. ‘ನಿಮ್ಮಲ್ಲಿ ಇದನ್ನು ಹೇಗೆ ಮಾಡುತ್ತಾರೆ, ಹೇಳಮ್ಮ’ ಅಂತ ಅವಳನ್ನು ಎಬ್ಬಿಸಿ ನಿಲ್ಲಿಸುವುದಂತೂ ಮಾಡಲೇಬಾರದು. ನಾನೇ ಮನೆಗೆ ಹೋಗಿ ಕೇಳಿದೆ. ಏನು ಹೇಳಬೇಕು, ಏನು ಹೇಳಬಾರದು ಎರಡೂ ನಿಮ್ಮದೇ ತೀರ್ಮಾನ, ಫೋಟೋ ತೆಗೆಯುವುದಿಲ್ಲ ಅಂದೆ. ಬೇರೆ ಅತಿಥಿಗಳಿಗೆ ಕೊಡುವ ಗೌರವಧನವನ್ನೇ ಕೊಡಬೇಕು ಅಂತ ಆಫೀಸಿನಲ್ಲಿ ಹಟ ಹಿಡಿದು ಕೊಡಿಸಿದೆ. ಅಜ್ಜಿ ದಿನಾ ಉಡುವ ಬಟ್ಟೆಯಲ್ಲೇ, ಕನ್ನಡಕ ಹಾಕಿಕೊಂಡು ಬಂದರು. ಹಾಡು ಕುಣಿತ ಇರುತ್ತದೆ ಅಂತ ಕಾದಿದ್ದ ಮಕ್ಕಳಿಗೆ ಅವರು ಹೇಳಿದ್ದು ತಮ್ಮ ಶಾಲೆಯ ದಿನಗಳನ್ನು. ಮನೆ ಮಾತು ಆಡಿದ್ದಕ್ಕೆ ಇಡೀ ಮಧ್ಯಾಹ್ನ ಬಾಗಿಲ ಹೊರಗೆ ನಿಲ್ಲಿಸಿದ್ದನ್ನು. “ನನ್ನ ಮಗಳಿಗೆ ಆ ಪಾಡು ಬೇಡ ಅಂತ ಮನೇಲೂ ಆ ಮಾತು ಆಡೋದು ಬಿಟ್ಟುಬಿಟ್ಟೆ” ಅಂದರು. ಹೊರಡುವಾಗ ಬೋರ್ಡಿನ ಮೇಲೆ ನಾನು ಬರೆದಿದ್ದ ಅವರ ಸಮುದಾಯದ ಹೆಸರನ್ನು ನೋಡಿ, “ಮೇಡಂ, ಅಲ್ಲಿ ದೀರ್ಘ ಬರಲ್ಲ” ಅಂದರು. ಮೊಮ್ಮಗಳು ಎದ್ದು ಹೋಗಿ ತಿದ್ದಿದಳು. ವರ್ಷದಲ್ಲಿ ಅವಳು ತಾನಾಗಿ ಬೋರ್ಡಿನ ಹತ್ತಿರ ಹೋಗಿದ್ದು ಅದೇ ಮೊದಲು.

ಹೆಸರಿನ ವಿಷಯ ಬಂತಲ್ವಾ, ಒಂದು ಮಾತು. ‘ಎಸ್ಕಿಮೋ’, ‘ಲ್ಯಾಪ್’ ಎಲ್ಲ ಹೊರಗಿನವರು ಇಟ್ಟವು. ಇನುಯಿಟ್, ಸಾಮಿ ಅಂತ ಅವರೇ ಹೇಳಿಕೊಳ್ಳುತ್ತಾರೆ. ಅವರು ಕರೆದುಕೊಳ್ಳುವ ಹೆಸರನ್ನೇ ಬರೆಯಿರಿ. ಇದಕ್ಕೆ ಖರ್ಚಿಲ್ಲ, ಯಾರ ಅನುಮತಿಯೂ ಬೇಕಿಲ್ಲ.

ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ, ಪುಸ್ತಕ ಬಿಟ್ಟು ಇದೆಲ್ಲ ಯಾಕೆ, ಸಿಲಬಸ್ ಮುಗಿಸಿ ಸಾಕು ಅಂತ. ಮೊದಮೊದಲು ಸುಮ್ಮನಿರುತ್ತಿದ್ದೆ. ಈಗ ಒಂದು ಹಾಳೆ ಜೊತೆಗಿಟ್ಟುಕೊಂಡಿದ್ದೇನೆ. ವಿಶ್ವಸಂಸ್ಥೆ 2007ರ ಸೆಪ್ಟೆಂಬರ್ 13ರಂದು ಒಪ್ಪಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಅದು. 144 ದೇಶಗಳು ಪರ, ನಾಲ್ಕು ವಿರೋಧ, ಆ ನಾಲ್ಕೂ ಆಮೇಲೆ ನಿಲುವು ಬದಲಿಸಿದವು. ತಮ್ಮ ಭಾಷೆಯಲ್ಲಿ ಕಲಿಸುವ ಶಾಲೆಗಳನ್ನು ತಾವೇ ಕಟ್ಟಿ ನಡೆಸುವುದು ಅವರ ಹಕ್ಕು ಅಂತ 14ನೇ ವಿಧಿ ಹೇಳುತ್ತದೆ. ಅವರ ಸಂಸ್ಕೃತಿ, ಚರಿತ್ರೆಯ ಘನತೆ ಎಲ್ಲರ ಶಿಕ್ಷಣದಲ್ಲೂ ಸರಿಯಾಗಿ ಕಾಣಬೇಕು ಅಂತ 15ನೇ ವಿಧಿ ಹೇಳುತ್ತದೆ. ಘೋಷಣೆ ಕಾನೂನಲ್ಲ, ನಿಜ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1989ರ 169ನೇ ಒಪ್ಪಂದ ಇತಿಹಾಸ ಪುಸ್ತಕಗಳು ನ್ಯಾಯವಾಗಿ, ಸರಿಯಾಗಿ ಇರಬೇಕು ಅಂತ ಬಿಡಿಸಿಯೇ ಹೇಳುತ್ತದೆ, ಆದರೆ ಅದನ್ನು ಒಪ್ಪಿದ ದೇಶಗಳು ಕಡಿಮೆ. ಆದರೂ ಆ ಹಾಳೆ ನನಗೆ ಧೈರ್ಯ ಕೊಡುತ್ತದೆ. ನಾನು ಹೆಚ್ಚುವರಿ ಪಾಠ ಮಾಡುತ್ತಿಲ್ಲ, ಬಾಕಿ ಇದ್ದ ಪಾಠ ಮಾಡುತ್ತಿದ್ದೇನೆ.

ಪರೀಕ್ಷೆಯಲ್ಲಿ ಮಾತ್ರ ಇನ್ನೂ ಹಳೇ ಪ್ರಶ್ನೆಯೇ ಬರುತ್ತದೆ, ‘ಮೂಲನಿವಾಸಿಗಳು ಹೇಗೆ ಜೀವಿಸುತ್ತಿದ್ದರು?’ ಅಂತ. ಅದು ನನ್ನ ಕೈಯಲ್ಲಿಲ್ಲ. ಅಂಕಕ್ಕೆ ಬೇಕಾದ್ದನ್ನು ಬರೆಯಿರಿ, ಕೆಳಗೆ ಈಗ ಹೇಗಿದ್ದಾರೆ ಅಂತ ಒಂದು ಸಾಲು ಸೇರಿಸಿ ಅಂತ ಮಕ್ಕಳಿಗೆ ಹೇಳಿದ್ದೇನೆ. ಕಳೆದ ಸಲ ತರಗತಿಯ 38 ಉತ್ತರ ಪತ್ರಿಕೆಗಳಲ್ಲಿ 31ರಲ್ಲಿ ಆ ಸಾಲು ಇತ್ತು.